ಚೀಲ ಹೊಲಿಯುವವನೇ ಯಾಕೆ?

ಕವನ ಬರೆದವರನ್ನು ಜನ "ಚಲೋ ಐತ್ರಿ" ಎಂದು ಹೇಳಿ ಬಿಟ್ಟುಬಿಡುತ್ತಾರೆ. ಪತ್ತೇದಾರಿ ಕಾದಂಬರಿ ಬರೆದವರನ್ನು ಹಾಗೆ ಬಿಡುವುದಿಲ್ಲ, ದಾರಿಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುತ್ತಾರೆ. ಇದು ಗೊತ್ತಿದ್ದರೆ ನಾನು ಪುಸ್ತಕದ ಹಿಂಬದಿ ನನ್ನ ಮೊಬೈಲ್ ನಂಬರ್ ಹಾಕಿಸುತ್ತಿರಲಿಲ್ಲ.

ನಾನು ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಹುಟ್ಟಿ ಬೆಳೆದದ್ದು ಸಿಂಧನೂರಿನಲ್ಲಿ. ಅಪ್ಪ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯುವ ತನಕ ನಾನು ಗಿರಣಿಯ ಅಂಗಳದಲ್ಲೇ ಕೂತಿರುತ್ತಿದ್ದೆ. ಐವತ್ತು ದಾಟಿದ ಮೇಲೆ ಒಂದು ಕೊಲೆಯ ಕಥೆ ಬರೆಯಬೇಕೆಂಬ ಹುಚ್ಚು ಹಿಡಿದಾಗ, ಕಣ್ಣ ಮುಂದೆ ಬಂದದ್ದು ಅದೇ ಅಂಗಳ.

ನನ್ನ ಕಾದಂಬರಿಯಲ್ಲಿ ಗಿರಣಿಯ ಮ್ಯಾನೇಜರ್ ಕಾಣೆಯಾಗುತ್ತಾನೆ. ನಾಲ್ಕು ದಿನದ ಮೇಲೆ ಕಾಲುವೆಯಲ್ಲಿ ಬಾಯಿ ಹೊಲಿದ ಗೋಣಿಚೀಲವೊಂದು ತೇಲಿ ಬರುತ್ತದೆ, ಒಳಗೆ ಅವನ ಹೆಣ. ಪತ್ತೆ ಹಚ್ಚುವವಳು ಖಾನಾವಳಿ ನಡೆಸುವ ಒಬ್ಬ ಹೆಂಗಸು. ಎಲ್ಲರಿಗೂ ಮಾಲೀಕನ ಅಳಿಯನ ಮೇಲೆ ಅನುಮಾನ. ಕೊನೆಯ ಅಧ್ಯಾಯದಲ್ಲಿ ಆಕೆ ಚೀಲದ ಬಾಯಿಯ ಹೊಲಿಗೆ ನೋಡುತ್ತಾಳೆ. ಸುತಳಿಯನ್ನು ಮೂರು ಸಲ ಹಿಂದಕ್ಕೆ ತಿರುವಿ, ಎಡಕ್ಕೆ ಒಂದು ಕುಣಿಕೆ ಬಿಟ್ಟ ಹೊಲಿಗೆ. ಆ ಕುಣಿಕೆ ಹಿಡಿದು ಒಮ್ಮೆ ಎಳೆದರೆ ಇಡೀ ಬಾಯಿ ಬಿಚ್ಚಿಕೊಳ್ಳುತ್ತದೆ. ಹಾಗೆ ಹೊಲಿಯುವವನು ಒಬ್ಬನೇ, ಅಂಗಳದ ಮೂಲೆಯಲ್ಲಿ ಕೂತು ಚೀಲ ಹೊಲಿಯುವ ಮುದುಕ. ಹಳೆಯದೊಂದು ಸೇಡು ತೀರಿಸಿಕೊಂಡವನು ಅವನೇ.

ಅಲ್ಲಿಗೆ ಕಥೆ ಮುಗಿಯಿತು, ನನ್ನ ಪಜೀತಿ ಶುರುವಾಯಿತು.

ಮೊದಲು ಓದಿದವಳು ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿ. ಪುಸ್ತಕ ಕೈಗೆ ಕೊಟ್ಟ ಕೂಡಲೇ ಕೊನೆಯ ಪುಟ ತೆಗೆದು ಓದತೊಡಗಿದಳು. "ಅಯ್ಯೋ, ಅದನ್ನ ಮುಚ್ಚಿಡಾಕ ಇನ್ನೂರು ಪುಟ ಬರದೀನಿ ನಾ!" ಅಂದೆ. ಅವಳು ತಲೆ ಎತ್ತದೆ, "ಮದುವಿ ಮನ್ಯಾಗ ಯಾರು ಯಾರಿಗೆ ಏನಾಗಬೇಕು ಅಂತ ಮೊದ್ಲೇ ಗೊತ್ತಿದ್ರ ಮಜಾ ಅಕ್ಕಾ, ಇಲ್ಲಾಂದ್ರ ಬರೇ ಗದ್ದಲ," ಎಂದಳು. ಎರಡು ದಿನದ ಮೇಲೆ ಬಂದು, ಬಹಳ ಚಲೋ ಇದೆ, ಆ ಮುದುಕ ಬಂದಾಗಲೆಲ್ಲ ಮೈ ಜುಮ್ಮೆಂದಿತು ಎಂದಳು. ನಾನು ಎಣಿಸಿದ್ದಕ್ಕೆ ಪೂರ್ತಿ ಉಲ್ಟಾ ಓದಿ ಅವಳೊಬ್ಬಳು ಖುಷಿಪಟ್ಟಿದ್ದಳು. ಇದು ಹೇಗೆ ಸಾಧ್ಯ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಮುಕ್ಕುಂದದ ಒಬ್ಬ ರೈತರು ಫೋನ್ ಮಾಡಿದರು. ನಮಸ್ಕಾರ ಹೇಳಿ ಮುಗಿಯುವುದರೊಳಗೆ, "ಅಕ್ಕಾರ, ಖೂನಿ ಆಗಿದ್ದು ಮೇ ತಿಂಗಳದಾಗ ಅಂತ ಬರದೀರಿ. ಆವಾಗ ಕಾಲುವಿ ಬಂದ್ ಇರ್ತೈತ್ರಿ. ಚೀಲ ತೇಲಾಕ ನೀರು ಎಲ್ಲಿಂದ ಬಂತು?" ಎಂದು ಕೇಳಿದರು. ಕೊಲೆ, ಸೇಡು, ಖಾನಾವಳಿಯ ಹೆಂಗಸು ಎಲ್ಲವನ್ನೂ ಅವರು ನಂಬಿದ್ದರು. ಮೇ ತಿಂಗಳ ನೀರನ್ನು ಮಾತ್ರ ನಂಬಲು ತಯಾರಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಮಸ್ಕಿಯ ಒಬ್ಬ ಟೇಲರ್. ಒಂದು ದಿನ ಸಿಂಧನೂರಿಗೆ ಹೋಗುವಾಗ ಅವರು ಫೋನ್ ಮಾಡಿ ಕರೆದಿದ್ದರಿಂದ ಮಸ್ಕಿಯಲ್ಲಿ ಇಳಿದು ಅವರ ಅಂಗಡಿಗೆ ಹೋದೆ. ಅವರು ಮಷೀನ್ ನಿಲ್ಲಿಸಿ, ಟೇಪು ಕೊರಳಲ್ಲಿ ಹಾಕಿಕೊಂಡೇ ನನ್ನನ್ನು ದಬಾಯಿಸಿದರು. "ಇದು ಮೋಸರೀ. ಆ ಮುದುಕನ ಮ್ಯಾಲ ಒಂದ್ ಗುಮಾನಿ ಬರೋ ಮಾತು ಬರದಿಲ್ಲ ನೀವು. ಅಳಿಯನ ಮ್ಯಾಲ ಇಷ್ಟುದ್ದ ಬರದು, ಕೊನಿಗೆ ಬಡವನ ಕೊರಳಿಗೆ ಕಟ್ಟೀರಿ!" ಅದೇ ಪತ್ತೇದಾರಿ ಕಥೆಯ ಸೊಗಸು ಎಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಚಹಾ ತರಿಸಿ ಕೊಟ್ಟರು, ನಾನು ಕುಡಿದು ಮುಗಿಸುವ ತನಕವೂ ಬೈದರು. ನನಗೆ ಒಳಗೊಳಗೇ ಹೆಮ್ಮೆ. ಓದಿದವರು ಇಷ್ಟು ಉರಿದುಕೊಂಡರೆ ತಿರುವು ಗೆದ್ದಿತು ಎಂದೇ ಅರ್ಥ ಮಾಡಿಕೊಂಡೆ.

ಆ ಹೆಮ್ಮೆ ಒಂದು ವಾರವೂ ಉಳಿಯಲಿಲ್ಲ. ಕಚೇರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹೆಂಗಸಿನ ದನಿ. "ಅಕ್ಕಾರ, ನಿಮ್ಮಪ್ಪಾರು ಇದ್ದ ಗಿರಣ್ಯಾಗ ಚೀಲ ಹೊಲೀತಿದ್ರಲ್ಲ, ಅವರ ಮಗಳು ನಾ. ನಿಮ್ಮ ಪುಸ್ತಕದ ಸಂಬಂಧ ನಮ್ಮಪ್ಪ ಮೂರು ವಾರ ಆತು ಗಿರಣಿಗೆ ಹೋಗೇ ಇಲ್ಲ."

ಹೌದು, ನನ್ನ ಕಾದಂಬರಿಯ ಮುದುಕ ಅವನೇ. ಬಾಲ್ಯದಲ್ಲಿ ನಾನು ಕಾಕಾ ಎಂದು ಕರೆಯುತ್ತಿದ್ದವನು. ದಬ್ಬಣವನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು, ಸುತಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು, ಎಲ್ಲವನ್ನೂ ಇದ್ದ ಹಾಗೇ ಎತ್ತಿ ಬರೆದಿದ್ದೆ. ಇಷ್ಟು ವರ್ಷದ ಮೇಲೆ ಯಾರು ಗುರುತು ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವನು ಇನ್ನೂ ಅದೇ ಗಿರಣಿಗೆ ಹೋಗುತ್ತಾನೆಂಬುದು ನನಗೆ ಗೊತ್ತೇ ಇರಲಿಲ್ಲ. ಈಗ ಹೊಲಿಗೆಗೆ ಮಷೀನ್ ಬಂದಿದೆ, ಆದರೆ ಹಳೆಯ ಗೋಣಿಚೀಲಗಳು ಇವತ್ತಿಗೂ ಕೈಹೊಲಿಗೆಯವೇ. ಎಪ್ಪತ್ತು ದಾಟಿದ ಅವನು ಸುಗ್ಗಿಯಲ್ಲಿ ದಿನಾ ಹೋಗಿ ಅದನ್ನೇ ಮಾಡುತ್ತಿದ್ದ. ಅಲ್ಲಿನ ಹಮಾಲರು ಗೇಟಿನಲ್ಲೇ, "ಖೂನಿ ಮಾಡಿದಾವ ಬಂದಾ, ಸರೀರಲೇ," ಎಂದು ಕಾಡಿಸತೊಡಗಿದ್ದರಂತೆ. ಮೊದಮೊದಲು ಅವನೂ ನಕ್ಕನಂತೆ. ಅವನ ಪಕ್ಕದಲ್ಲಿ ಊಟಕ್ಕೆ ಕೂರುತ್ತಿದ್ದವರು ಬೇಕೆಂದೇ ಎದ್ದು ದೂರ ಹೋಗಿ ಕೂತ ದಿನ ಅವನು ಬುತ್ತಿ ಬಿಚ್ಚದೆ ಮನೆಗೆ ಬಂದನಂತೆ.

"ಗಿರಣಿ ಬಿಟ್ರ ನಮ್ಮಪ್ಪ ಉಳಿಯಂಗಿಲ್ರೀ," ಎಂದಳು ಮಗಳು.

ಶನಿವಾರವೇ ಬಸ್ ಹತ್ತಿದೆ. ಮಸ್ಕಿ ಬಂದಾಗ ಟೇಲರ್ ಅಂಗಡಿಯ ಕಡೆ ಕತ್ತು ತಿರುಗಿಸಲಿಲ್ಲ, ನನಗೆ ನಾಚಿಕೆಯಾಗಿತ್ತು. ಸಿಂಧನೂರಿನಲ್ಲಿ ಇಳಿದ ಮೇಲೆ ಮೂರು ಕಡೆ ಕೇಳಿದೆ. ಕೊನೆಗೆ ಒಬ್ಬ ಆಟೋದವನು ಕಾಲುವೆಯ ಆಚೆಯ ಓಣಿಗೆ ಕರೆದುಕೊಂಡು ಹೋಗಿ ಬಿಟ್ಟ. ನಾವಿದ್ದ ಬಾಡಿಗೆ ಮನೆಯಿಂದ ನಡೆದರೆ ಹತ್ತು ನಿಮಿಷದ ದಾರಿ. ಬಾಲ್ಯವೆಲ್ಲ ಆ ಊರಲ್ಲಿ ಕಳೆದ ನಾನು ಆ ಓಣಿಗೆ ಬಂದದ್ದು ಅದೇ ಮೊದಲು.

ಕಾಕಾ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಬಹಳ ಇಳಿದುಹೋಗಿದ್ದ. ನನ್ನನ್ನು ದಿಟ್ಟಿಸಿ ನೋಡಿ, "ಗುಮಾಸ್ತರ ಮಗಳಲ್ಲೇನು? ಬಾರವ್ವ, ಕುಂದ್ರು," ಎಂದ. ಬೈಯುತ್ತಾನೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವನು ಮಗಳಿಗೆ ಚಹಾ ಇಡಲು ಹೇಳಿದ.

"ತಪ್ಪಾತು ಕಾಕಾ," ಅಂದೆ.

"ತಪ್ಪು ಐತಿ. ಪೂರಾ ಓದಿಸಿ ಕೇಳೀನಿ. ಒಂದಲ್ಲ, ಎರಡು ತಪ್ಪು ಮಾಡೀ."

ನನ್ನ ಕುತೂಹಲ ಎಂಥದೆಂದರೆ, ಆ ಹೊತ್ತಿನಲ್ಲೂ ಎರಡು ಯಾವುವು ಎಂದು ತಿಳಿಯುವ ಆಸೆಯಾಯಿತು.

"ಒಂದನೇದು, ಆ ಹೊಲಿಗಿ ನನ್ನದಲ್ಲ. ಗಿರಣಿದು." ಅವನು ಬೆರಳಿನಿಂದಲೇ ಗಾಳಿಯಲ್ಲಿ ಹೊಲಿದು ತೋರಿಸಿದ. "ಬಜಾರದಾಗ ಹತ್ತು ಗಿರಣಿ ಚೀಲ ಕೂಡಿ ಬೀಳ್ತಾವು, ಲಾರ್‍ಯಾಗ ಒಂದರಾಗೊಂದು ಬೆರೀತಾವು. ಯಾರ ಚೀಲ ಅಂತ ಬಾಯಿ ಹೊಲಿಗಿ ನೋಡೇ ಹೇಳ್ತಿದ್ವಿ. ಒಂದೊಂದು ಗಿರಣಿಗೆ ಒಂದೊಂದು ಹೊಲಿಗಿ. ನಮ್ಮ ಮಿಸ್ತ್ರಿ ನನಗ ಕಲಿಸಿದ್ದ, ನಾ ಮುಂದಿನವರಿಗೆ ಕಲಿಸೀನಿ. ನಿನ್ನ ಖಾನಾವಳಿ ಹೆಣ್ಮಗಳು ಆ ಹೊಲಿಗಿ ನೋಡಿ ಹಿಡಿಯೋದಾದ್ರ ಇಡೀ ಗ್ಯಾಂಗ್ ಹಿಡೀಬೇಕಾಗ್ತೈತಿ."

ಇನ್ನೂರು ಪುಟದ ನನ್ನ ಸಾಕ್ಷಿ ಒಂದೇ ಎಳೆತಕ್ಕೆ ಬಿಚ್ಚಿಹೋಗಿತ್ತು. ಸಣ್ಣವಳಿದ್ದಾಗ ನಾನು ಅವನೊಬ್ಬನ ಮುಂದೆ ಕೂತು ನೋಡಿದ್ದೆ, ಹಾಗಾಗಿ ಅದು ಅವನೊಬ್ಬನದೇ ಎಂದು ತಿಳಿದಿದ್ದೆ. ಉಳಿದವರ ಕೈ ನೋಡುವ ಗೋಜಿಗೇ ಹೋಗಿರಲಿಲ್ಲ.

"ಎರಡನೇದು?" ಎಂದು ಕೇಳಿದೆ.

"ಮ್ಯಾನೇಜರ್ ಅದಾನ, ಅಳಿಯ ಅದಾನ, ಲಾರಿ ಡ್ರೈವರ್ ಅದಾನ. ಇಷ್ಟು ಮಂದಿ ಇದ್ರಲ್ಲ ನಿನ್ನ ಪುಸ್ತಕದಾಗ. ನನ್ನ ಯಾಕ ಹಿಡದೀ?"

ನಾನು ತಿರುವಿನ ಬಗ್ಗೆ ಹೇಳಿದೆ. ಓದುವವರಿಗೆ ಕೊನೆಯವರೆಗೂ ಯಾರ ಮೇಲೆ ಅನುಮಾನ ಬರುವುದಿಲ್ಲವೋ ಅವನನ್ನೇ ಕೊಲೆಗಾರ ಮಾಡಬೇಕು, ಇಂಥ ಕಥೆಗಳ ರೀತಿಯೇ ಹಾಗೆ ಎಂದೆ.

"ಹಂಗಾರ ನಾ ಒಳ್ಳೇವ ಅಂತ ಅನುಮಾನ ಬರಲಿಲ್ಲೇನು?"

ಹೌದು ಕಾಕಾ ಎಂದು ಹೇಳಿ ಪಾರಾಗಬಹುದಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಮಗಳು ಚಹಾ ತಂದಿಟ್ಟು, ಒಳಗಿನಿಂದ ಪುಸ್ತಕ ತಂದಳು. ಅಪ್ಪ ಬರುವ ಪುಟಗಳ ಮೂಲೆಯನ್ನೆಲ್ಲ ಮಡಿಚಿದ್ದಳು. "ಕೊನೀ ಪಾಠ ಬಿಟ್ಟು ಹನ್ನೊಂದು ಸಲ ಬರ್ತಾನ್ರಿ ಅಕ್ಕಾರ," ಎಂದಳು. "ಹನ್ನೊಂದು ಸಲಾನೂ ಮೂಲ್ಯಾಗ ಕುಂತು ಹೊಲ್ಯಾಕತ್ತಾನ. ಒಬ್ರೂ ಅವನ್ನ ಮಾತಾಡ್ಸಿಲ್ಲ."

ನಾನು ಪುಟ ತಿರುವಿದೆ. ಅವಳು ಹೇಳಿದ್ದು ನಿಜ. ಅಳಿಯನ ಮೋಟಾರ್ ಸೈಕಲ್ಲಿನ ಬಣ್ಣ ಬರೆದಿದ್ದೆ, ಗಿರಣಿಯ ನಾಯಿಗೂ ಒಂದು ಹೆಸರಿಟ್ಟಿದ್ದೆ.

"ಒಳ್ಳೇವ ಅಂತಲ್ಲ, ಕಣ್ಣಿಗೇ ಬೀಳಂಗಿಲ್ಲ ಅಂತ ಹಿಡದೀ," ಎಂದ ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಖರೇನ ಐತಿ ಬಿಡು. ಬರೋಬ್ಬರಿ ಆರಿಸೀ."

ಓದಿದವರಲ್ಲಿ ಒಬ್ಬಳು ಮೈ ಜುಮ್ಮೆಂದಿತು ಎಂದಿದ್ದಳು, ಒಬ್ಬರು ನೀರಿನ ಲೆಕ್ಕ ಕೇಳಿದ್ದರು, ಒಬ್ಬರು ಮೋಸ ಎಂದಿದ್ದರು. ನನ್ನ ಪುಸ್ತಕವನ್ನು ಸರಿಯಾಗಿ ಓದಿದವನು ಓದು ಬಾರದ ಈ ಮುದುಕನೊಬ್ಬನೇ ಅನಿಸಿತು. ಅಳು ಬಂತು. ಅತ್ತುಬಿಟ್ಟೆ.

"ಅಳಬ್ಯಾಡ. ನಾಳೆ ಮುಂಜಾನೆ ಗಿರಣಿಗೆ ಬಾ. ಪುಸ್ತಕ ತಗೊಂಡು ಬಾ," ಎಂದ.

ಆ ದಿನ ಊರಲ್ಲೇ ಇರುವ ತಮ್ಮನ ಮನೆಯಲ್ಲಿ ಉಳಿದು, ಮರುದಿನ ಎಂಟು ಗಂಟೆಗೆ ಗಿರಣಿಗೆ ಹೋದೆ. ಕಾಕಾ ನನಗಿಂತ ಮೊದಲೇ ಗೇಟಿನ ಹೊರಗೆ ನಿಂತಿದ್ದ. ಒಬ್ಬನೇ ಒಳಗೆ ಹೋಗಲು ಮನಸ್ಸಾಗಿರಲಿಲ್ಲ ಎಂದು ಕಾಣುತ್ತದೆ. ಇಬ್ಬರೂ ಒಳಗೆ ಹೋದೆವು. ಐದಾರು ಹಮಾಲರು ಅಂಗಳದಲ್ಲಿ ಬೀಡಿ ಸೇದುತ್ತ ಕೂತಿದ್ದರು. ಅವರಲ್ಲಿ ದಪ್ಪ ಮೀಸೆಯವನೊಬ್ಬ, ಎಲ್ಲರಿಗಿಂತ ಹೆಚ್ಚು ಕಾಡಿಸಿದವನು ಅವನೇ ಅಂತೆ, "ಏ ಬಂತಲೇ ಖೂನಿ ಕೇಸು!" ಎಂದು ಕೂಗಿದ.

ಕಾಕಾ ನಾಲ್ಕು ತುಂಬಿದ ಚೀಲ ತೋರಿಸಿ, ನಾಲ್ವರ ಕೈಗೆ ದಬ್ಬಣ, ಸುತಳಿ ಕೊಟ್ಟು, "ಹೊಲೀರಿ," ಎಂದ. ಏನೋ ತಮಾಷೆ ಇರಬೇಕೆಂದು ಅವರೂ ಹೊಲಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಓದವ್ವ. ಹೊಲಿಗಿ ಬರೋ ಪುಟ," ಎಂದ.

ಕೊನೆಯ ಅಧ್ಯಾಯವನ್ನು ನಾನು ನಿಂತು ಗಟ್ಟಿಯಾಗಿ ಓದಿದೆ. ಮೂರು ಸಲ ಹಿಂದಕ್ಕೆ ತಿರುವಿದ್ದು, ಎಡಕ್ಕೆ ಬಿಟ್ಟ ಕುಣಿಕೆ, ಒಂದೇ ಎಳೆತ. ಓದುತ್ತಿದ್ದಂತೆ ಅವರು ತಮ್ಮ ತಮ್ಮ ಚೀಲ ನೋಡಿಕೊಳ್ಳತೊಡಗಿದರು. ಅವರಲ್ಲಿ ಅರ್ಧ ಜನ ಪುಸ್ತಕ ಓದಿರಲೇ ಇಲ್ಲ, ಯಾರೋ ಹೇಳಿದ ಕಥೆ ಕೇಳಿ ಕಾಡಿಸಿದ್ದರು. ಕಾಕಾ ಒಂದೊಂದೇ ಚೀಲದ ಕುಣಿಕೆ ಎಳೆದ. ನಾಲ್ಕೂ ಬಾಯಿ ಬಿಚ್ಚಿದವು. ಮೀಸೆಯವನ ಹೊಲಿಗೆಯಂತೂ ಪುಸ್ತಕದಲ್ಲಿ ಬರೆದದ್ದಕ್ಕಿಂತ ಅಚ್ಚುಕಟ್ಟಾಗಿತ್ತು.

"ಇವನ ಮೊದಲು ಹಿಡೀರಿ," ಎಂದ ಕಾಕಾ.

ಅಂಗಳ ನಕ್ಕಿತು. ಮೀಸೆಯವನೂ ನಕ್ಕ, ನಕ್ಕ ಮೇಲೆ ತಲೆ ಕೆರೆದುಕೊಂಡು, "ನೀವೇ ಕಲಿಸೀರಲ್ಲ ಕಾಕಾ," ಎಂದ. ಒಬ್ಬ ಎದ್ದು ತಾನು ಕೂತಿದ್ದ ಖಾಲಿ ಚೀಲವನ್ನು ಕಾಕಾನ ಮೂಲೆಗೆ ಹಾಸಿದ. ಕಾಕಾ ಕೂತ. ಬಿಚ್ಚಿದ ನಾಲ್ಕು ಚೀಲವನ್ನೂ ತನ್ನ ಕಡೆ ಎಳೆದುಕೊಂಡು ಮತ್ತೆ ಹೊಲಿಯತೊಡಗಿದ.

ಕೆಲಸದ ಮಧ್ಯೆ ನಿಲ್ಲುವುದು ಬೇಡವೆಂದು ನಾನು ಬರುತ್ತೇನೆ ಅಂದೆ. ಅವನು ದಬ್ಬಣ ನಿಲ್ಲಿಸಿ ತಲೆ ಎತ್ತಿದ.

"ಇನ್ನೊಂದು ಬರೀತೀಯೇನು?"

"ಮನಸ್ಸಿಲ್ಲ ಕಾಕಾ."

"ಬರೀ, ಬರೀ. ಬೇಕಾದ್ರ ಮತ್ತ ನಾನೇ ಖೂನಿ ಮಾಡ್ತೀನಿ, ನನ್ನದೇನೂ ತಕರಾರಿಲ್ಲ. ಆದ್ರ ಈ ಸಲ ನನಗೊಂದು ಮನಿ ಕೊಡವ್ವ. ಸಂಜಿಮುಂದ ಇಲ್ಲಿಂದ ಎದ್ದು ಎಲ್ಲಿಗೆ ಹೋಗ್ತಾನ ಇವ, ಅಂತ ಓದಾವ್ರಿಗೆ ಗೊತ್ತಾಗ್ಲಿ."