ಹೆಳವನ ಪುಸ್ತಕ

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನಮ್ಮ ಮನೆಗೆ ಒಬ್ಬ ಹೆಳವ ಬರುತ್ತಿದ್ದ. ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿ ಹೇಳುವುದು ಅವನ ಕಸುಬು. ಅಪ್ಪನ ಕಾಲಕ್ಕೆ ಎತ್ತಿನ ಮೇಲೆ ಬರುತ್ತಿದ್ದವನು ಈಚೆಗೆ ಬಸ್ಸಿನಲ್ಲಿ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಏಳು ತಲೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ "ಹೊಸಾ ಹೆಸರು ಹೇಳ್ರಿ, ಬರಕೊಂತೇನಿ" ಅನ್ನುತ್ತಿದ್ದ.

ಒಂದು ವರ್ಷ ಹಿರೇಕೆರೂರಿನ ಬಸ್ಸಿನಿಂದ ಇಳಿದವನನ್ನು ನಮ್ಮೂರ ತರುಣರು ತಡೆದರು. ಊರ ಬಾಗಿಲಲ್ಲಿ 'ಹೊರಗಿನವರು ಬರಬಾರದು' ಎಂದು ಬೋರ್ಡು ಹಾಕಿದ ಪಡೆ ಅದು. ಅಲೆಮಾರಿಗಳು ಮಕ್ಕಳನ್ನು ಕದಿಯುತ್ತಾರೆಂಬ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು.

"ಯಾವೂರಾಂವಲೇ ನೀ?" ಎಂದು ಅವರ ಮುಂದಾಳು ಕೇಳಿದ. ಅವನ ಮನೆಗೂ ಇದೇ ಹೆಳವ ಹೋಗುತ್ತಿದ್ದ.

"ನಂದು ಬಿಡ್ರಿ. ನಿಮ್ಮ ಮುತ್ತಜ್ಜಾರು ಸವಣೂರ ಕಡಿಂದ ಒಂದು ಎತ್ತು ಹೊಡಕೊಂಡು ಇಲ್ಲಿಗೆ ಬಂದವರ್ರಿ."

ಮುತ್ತಜ್ಜನ ಹೆಸರು ಹೇಳುವಷ್ಟರಲ್ಲಿ ಮುಂದಾಳಿನ ಪೆಟ್ಟು ಬಿತ್ತು. ನಾನು ಓಡಿಹೋಗಿ ಬಿಡಿಸಿದಾಗ ಅವನ ಬಾಯಿಂದ ರಕ್ತ ಸುರಿಯುತ್ತಿತ್ತು. ಎರಡೂ ಕೈಯಲ್ಲಿ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದ.

ಮರುವರ್ಷವೂ ಬಂದ. ಮುಂದಿನ ಎರಡು ಹಲ್ಲು ಇರಲಿಲ್ಲ. ಮೊದಲು ಆ ಮುಂದಾಳಿನ ಮನೆಗೆ ಹೋಗಿ, ಆಮೇಲೆ ನಮ್ಮ ಕಟ್ಟೆಗೆ ಬಂದಿದ್ದ. ಆ ಮನೆಯ ಹಾಳೆ ತೋರಿಸು ಎಂದೆ. ಕೊನೆಯ ಸಾಲಿನಲ್ಲಿ ಮುಂದಾಳಿಗೆ ಹೊಸದಾಗಿ ಹುಟ್ಟಿದ ಕೂಸಿನ ಹೆಸರಿತ್ತು, ಅಷ್ಟೇ.

"ಈ ಕೂಸಿನಪ್ಪ ನಿನ್ನ ಹೊಡದದ್ದು ಬರದಿಲ್ಲೇನು?"

ಹೆಳವ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡ.

"ನಾಳೆ ಈ ಕೂಸು ದೊಡ್ಡದಾಗಿ ನನ್ನ ಮುಂದ ಕುಂದರತೈತ್ರಿ. ಅದನ್ನ ಯಾವ ಬಾಯಿಲೆ ಓದ್ಲಿ?"