ಎಳನೀರು ಕೆತ್ತುವ ತನಕದ ಹೊಣೆ

ಕರಾರಿಗೆ ಸಹಿ ಹಾಕುವ ಮುನ್ನ ಮನುಷ್ಯ ಅದರ ಪ್ರತಿಯೊಂದು ಅಕ್ಷರವನ್ನೂ ಓದಿ ತೂಗಬೇಕು. ವ್ಯಾಪಾರವೆಂಬ ಮಹಾಸೌಧ ನಿಂತಿರುವುದೇ ಈ ಎಚ್ಚರದ ಮೇಲೆ. ಕಡೂರಿನಲ್ಲಿ ವಕೀಲಿ ಮಾಡಿದಷ್ಟು ಕಾಲ ಹಾಗೆ ಓದಿದ ಒಬ್ಬ ಕಕ್ಷಿಗಾರನನ್ನೂ ನಾನು ಕಂಡಿಲ್ಲ. ರುದ್ರಪ್ಪನವರೂ ಓದಿರಲಿಲ್ಲ. ಆದರೆ ಸಹಿ ಹಾಕುವ ಮೊದಲೇ ಬಂದರು, ಅದೇ ದೊಡ್ಡದು.

ನಾನು ಕೋಟು ಕಳಚಿಡುವುದಕ್ಕೆ ಎರಡು ವರ್ಷ ಮುಂಚಿನ ಮಾತು. ರುದ್ರಪ್ಪ ಅಜ್ಜಂಪುರದ ಕಡೆಯ ತೆಂಗು ಬೆಳೆಗಾರರು. ತರೀಕೆರೆಯ ಹತ್ತಿರ ಎಳನೀರನ್ನು ಬಾಟ್ಲಿಗೆ ತುಂಬುವ ಹೊಸ ಘಟಕವೊಂದು ಅವರ ಕಾಯನ್ನು ವರ್ಷವಿಡೀ ಕೊಳ್ಳಲು ಒಪ್ಪಿತ್ತು. ಕರಾರಿನ ಹದಿನಾಲ್ಕನೇ ಕಲಮು ಇಂಡೆಮ್ನಿಟಿಯದು. ಎಂದರೆ, ಒಬ್ಬರಿಗಾದ ನಷ್ಟವನ್ನು ಇನ್ನೊಬ್ಬರು ತುಂಬಿಕೊಡುತ್ತೇನೆಂದು ಬರೆದುಕೊಡುವ ಮಾತು. ಅದರ ಪ್ರಕಾರ ಆ ನೀರು ಕುಡಿದು ದೇಶದ ಯಾವ ಮೂಲೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಹೊಣೆ ರುದ್ರಪ್ಪನವರದು. ಮಿತಿಯಿಲ್ಲ. ಎರಡು ಕೇಸು ಬಿದ್ದರೆ ತೋಟವೇ ಹೋಗುತ್ತಿತ್ತು.

"ಅಲ್ಲ ಲಾಯರ್ರೇ, ಕೆತ್ತೋ ತನಕ ಕಾಯಿ ನಂದು. ಕೆತ್ತಿ ಬಾಟ್ಲಿಗೆ ಬಿಟ್ಮೇಲೆ ಅವ್ರು ಫ್ರಿಜ್ಜಲ್ಲಿಡ್ತಾರೋ ಬಿಸ್ಲಲ್ಲಿಡ್ತಾರೋ, ನಾನೇನು ಪಕ್ಕದಲ್ಲಿ ಕೂತಿರ್ತೀನಾ?" ಎಂದರು ರುದ್ರಪ್ಪ.

ಇಬ್ಬರೂ ತರೀಕೆರೆಗೆ ಹೋದೆವು. ಇಡೀ ಕಲಮನ್ನೇ ತೆಗೆಯಬೇಕೆಂದು ನಾನು ಮೂರು ತೀರ್ಪುಗಳನ್ನು ಉಲ್ಲೇಖಿಸಿ ಗಂಭೀರವಾಗಿ ವಾದಿಸಿದೆ. ಮ್ಯಾನೇಜರ್ ಶಾಲಿನಿ ಮೂರನ್ನೂ ಸಾವಧಾನವಾಗಿ ಕೇಳಿ, "ಹಾಗಾದ್ರೆ ಕಾಯಿ ಬೇಡ ಬಿಡಿ ಸಾರ್" ಎಂದರು.

ರುದ್ರಪ್ಪ ನನ್ನ ತೋಳು ಹಿಡಿದು ಕೂರಿಸಿದರು.

"ತಡೀರಿ ಸ್ವಾಮಿ. ಮೇಡಮ್ಮೋರೆ, ಕಾಯಿಗೆ ನುಸಿ ಬಿದ್ರೆ ಮರದ ಬೇರಿಗೆ ಔಷಧಿ ಪೊಟ್ಟಣ ಕಟ್ಟೋನು ನಾನು. ಕಟ್ಟಿ ಒಂದೂವರೆ ತಿಂಗ್ಳು ಕಾಯಿ ಕೀಳ್ಬಾರ್ದು, ನೀರಿಗೆ ವಿಷ ಇಳಿದಿರ್ತದೆ. ನಾನು ಕಿತ್ನೋ ಬಿಟ್ನೋ ನಿಮ್ಗೆ ಹೆಂಗೆ ಗೊತ್ತಾಗ್ಬೇಕು? ಅದು ನನ್ ತಲೆ ಮೇಲಿರ್ಲಿ. ಕೆತ್ತಿದ್ಮೇಲಿಂದು ನಿಮ್ ತಲೆ ಮೇಲಿರ್ಲಿ."

ಶಾಲಿನಿ ಒಪ್ಪಿದರು. ಇಂಡೆಮ್ನಿಟಿ ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಇಷ್ಟು ಚೊಕ್ಕ ವಿವರಣೆಯನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ: ಅಪಾಯವನ್ನು ತಡೆಯುವುದು ಒಬ್ಬನ ಕೈಯಲ್ಲಿದ್ದು, ಇನ್ನೊಬ್ಬನ ಕಣ್ಣಿಗೆ ಅದು ಬೀಳುವಂತಿಲ್ಲದಿದ್ದರೆ, ಅಲ್ಲಿ. ಹಾಗೆಯೇ ತಿದ್ದಿ ಬರೆದೆವು. ಫೀಸು ಮಾತ್ರ ನಾನು ತೆಗೆದುಕೊಂಡೆ.

ಬೇಸಿಗೆಯಲ್ಲಿ ನುಸಿ ಬಿತ್ತು. ರುದ್ರಪ್ಪ ನೆಂಟರ ಮನೆಗೆ ಹೋಗಿದ್ದಾಗ ಅವರ ತಮ್ಮ ಮಹೇಶಪ್ಪ ಇಪ್ಪತ್ತು ಮರಗಳ ಬೇರಿಗೆ ಔಷಧಿ ಕಟ್ಟಿ, ಅಣ್ಣನಿಗೆ ಹೇಳುವುದನ್ನು ಮರೆತರು. ಹತ್ತೇ ದಿನದಲ್ಲಿ ಆ ಮರಗಳ ಕಾಯಿಯೂ ಲೋಡಿಗೆ ಸೇರಿ ತರೀಕೆರೆಗೆ ಹೋಯಿತು. ಮರುದಿನ ಬೆಳಿಗ್ಗೆ ಬೇರಿನಲ್ಲಿ ಪ್ಲಾಸ್ಟಿಕ್ ಪೊಟ್ಟಣ ಕಂಡ ರುದ್ರಪ್ಪ ತೋಟದಿಂದಲೇ ಶಾಲಿನಿಯವರಿಗೆ ಫೋನ್ ಮಾಡಿ, ಲೋಡು ತಡೆಯಿರೆಂದರು. ಆಮೇಲೆ ನನ್ನಲ್ಲಿಗೆ ಬಂದರು.

"ನನ್ನೊಂದ್ ಮಾತು ಕೇಳ್ಬಾರ್ದಿತ್ತೇನ್ರೀ? ನೀವಾಗೇ ತಪ್ಪೊಪ್ಕೊಂಡಂಗಾಯ್ತಲ್ಲ!" ಎಂದೆ.

"ಕೇಳಿದ್ರೆ ನೀವು ಪುಸ್ತಕ ತೆಗೀತಿದ್ರಿ. ಅಷ್ಟೊತ್ತಿಗೆ ಯಾರಾದ್ರೂ ಕುಡ್ದಿರೋರು."

ಕಲಮು ಬರೆಯುವಾಗ ದುಡ್ಡು ಯಾರು ಕೊಡಬೇಕೆಂದು ಯೋಚಿಸಿದ್ದೆ. ಫೋನು ಯಾರು ಮಾಡಬೇಕೆಂದು ಯೋಚಿಸಿರಲಿಲ್ಲ. ಅಲ್ಲಿಂದಾಚೆ ನಾನು ಬರೆದ ಕರಾರುಗಳಲ್ಲಿ ಅದಕ್ಕೂ ಒಂದು ಸಾಲು ಇರುತ್ತಿತ್ತು.

ಲೋಡು ಅಂಗಡಿಗಳಿಗೆ ಹೋಗಿರಲಿಲ್ಲ. ತುಂಬಿದ ಬಾಟ್ಲಿಗಳನ್ನೂ ಕೆತ್ತದೆ ಉಳಿದ ಕಾಯಿಗಳನ್ನೂ ನಾಶಮಾಡಿದರು. ನಷ್ಟವನ್ನು ರುದ್ರಪ್ಪ ತುಂಬಿಕೊಟ್ಟರು. ಮರುವರ್ಷ ಕರಾರು ನವೀಕರಣವಾಯಿತು.