ರಫ್ ಪುಸ್ತಕದ ನಾಲ್ಕನೆಯ ಕಾಲಂ

ಆ ಬೆಳಿಗ್ಗೆಯೂ ಎಂದಿನಂತೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಗಂಡನಿಗೆ ಒಂದು ಕಣ್ಣಿಡಲು ಹೇಳಿ, ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಕೆಳಗಿಳಿದೆ. ಜುಲೈ ತಿಂಗಳ ನೈರೋಬಿಯಲ್ಲಿ ಏಳು ಗಂಟೆಗೂ ಮೆಟ್ಟಿಲು ತಣ್ಣಗೆ ಕೊರೆಯುತ್ತದೆ. ಕೈಯಲ್ಲಿ ಬೆರಳುದ್ದದ ಗಾಜಿನ ಕೊಳವೆ, ಜೇಬಿನಲ್ಲಿ ಮಾತ್ರೆಗಳ ಹಾಳೆ, ಕಂಕುಳಲ್ಲಿ ರಫ್ ಪುಸ್ತಕ. ನಲ್ಲಿಯ ನೀರನ್ನು ಕೊಳವೆಗೆ ತುಂಬಿ, ಒಂದು ಮಾತ್ರೆ ಹಾಕಿ ಅಲ್ಲಾಡಿಸಿದರೆ, ಕ್ಲೋರಿನ್ ಇದ್ದ ನೀರು ಗುಲಾಬಿಗೆ ತಿರುಗುತ್ತದೆ. ಇಲ್ಲದ್ದು ಹಾಗೇ ಉಳಿಯುತ್ತದೆ.

ನಗರದಲ್ಲಿ ಕಾಲರಾ ಹಬ್ಬಿದಾಗ ಆರೋಗ್ಯ ಇಲಾಖೆಯವರು ಸೌತ್ ಸಿ ಬಡಾವಣೆಯ ನಮ್ಮ ಫ್ಲ್ಯಾಟುಗಳಿಗೂ ಈ ಪರೀಕ್ಷೆಯ ಸಾಮಾನಿನ ಡಬ್ಬಿಯೊಂದನ್ನು ಕೊಟ್ಟು ಹೋಗಿದ್ದರು. ದಿನಾ ಏನೇನು ಮಾಡಿದಿರಿ ಎಂದು ಬರೆದಿಡಿ, ಕೊನೆಗೆ ಬಂದು ನೋಡಿ ಅಂಕ ಕೊಡುತ್ತೇವೆ ಎಂದಿದ್ದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಅಕ್ಷರದ ದೆಸೆಯಿಂದ. ನಮ್ಮ ಫ್ಲ್ಯಾಟುಗಳ ಸಮಿತಿಯ ಕಾರ್ಯದರ್ಶಿ ನಾಲ್ಕನೆಯ ಮಹಡಿಯವರು, ಬೆಂಗಳೂರಿನಿಂದ ಟೆಲಿಕಾಂ ಕೆಲಸದ ಮೇಲೆ ಬಂದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಅಕ್ಕಾ, ನಾವೆಲ್ಲ ಟೈಪ್ ಮಾಡೋ ಜನ, ಸೈನ್ ಹಾಕೋಕೂ ಕೈ ನಡುಗುತ್ತೆ. ನಿಮ್ದು ಕಾನ್ವೆಂಟ್ ಅಕ್ಷರ, ನೀವೇ ಬರೀರಿ," ಎಂದಿದ್ದರು. ನನಗೆ ಹಿಗ್ಗಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮೈಸೂರಿನ ನಮ್ಮ ಶಾಲೆಯಲ್ಲಿ ಎಲ್ಲದಕ್ಕೂ ಎರಡು ಪುಸ್ತಕ: ಒಂದು ರಫ್, ಒಂದು ಫೇರ್. ರಫ್‌ನಲ್ಲಿ ಹೊಡೆದು ಹಾಕಬಹುದು, ಮಸಿ ಚೆಲ್ಲಬಹುದು. ಫೇರ್‌ನಲ್ಲಿ ಒಂದು ಅಕ್ಷರ ತಿದ್ದಿದ್ದರೂ ಸಿಸ್ಟರ್ ಇಡೀ ಪುಟ ಹರಿದು ಕೈಗೆ ಕೊಡುತ್ತಿದ್ದರು. ಮೂವತ್ತು ವರ್ಷದ ಮೇಲೆ ಆ ಅಭ್ಯಾಸಕ್ಕೆ ಒಂದು ಉಪಯೋಗ ಬಂತಲ್ಲ ಎಂದುಕೊಂಡಿದ್ದೆ.

ಇಲಾಖೆಯ ಫಾರ್ಮಿನಲ್ಲಿ ಇದ್ದದ್ದು ಮೂರೇ ಕಾಲಂ. ಮಹಡಿಯ ಮೇಲಿನ ಟ್ಯಾಂಕು, ಕೆಳಗಿನ ನಲ್ಲಿ, ಮಕ್ಕಳು ಆಡುವಲ್ಲಿ ಇಟ್ಟ ಕೈ ತೊಳೆಯುವ ಡ್ರಮ್ಮು. ನಾಲ್ಕನೆಯದನ್ನು ನಾನೇ ಸ್ಕೇಲು ಇಟ್ಟು ಎಳೆದೆ. ಅದು ಗೇಟಿನ ಪಕ್ಕದ ನಲ್ಲಿ. ಅದಕ್ಕೆ ಬೇರೆಯೇ ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಂಕು, ನೀರು ಮಾರುವ ಬೌಸರ್ ಲಾರಿ ಬಂದಾಗ ತುಂಬುತ್ತಿದ್ದುದು. ಕ್ಲೋರಿನ್ ಬಿಡುವ ಯಂತ್ರ ಮೇಲಿನ ಟ್ಯಾಂಕಿಗೆ ಮಾತ್ರ ಇತ್ತು. ಕಾವಲಿನವರು, ತೋಟದವರು, ನಮ್ಮ ಮನೆಗಳಿಗೆ ಬರುವ ಹೆಂಗಸರು ಕುಡಿಯುವುದು ಆ ಗೇಟಿನ ನಲ್ಲಿಯಿಂದ.

ಮೊದಲು ಹಾಗಿರಲಿಲ್ಲ. ಮಂಗಳವಾರ, ಶುಕ್ರವಾರ ಬಟ್ಟೆ ಒಗೆಯಲು ಬರುತ್ತಿದ್ದವಳಿಗೆ, ಇಲ್ಲಿಯವರು ಮಾಮಾ ಫುವಾ ಎನ್ನುವ ಕೆಲಸದವಳಿಗೆ, ನಮ್ಮ ಅಡುಗೆಮನೆಯಲ್ಲಿ ಒಂದು ನೀಲಿ ಮಗ್ ಇತ್ತು. ನಾಲ್ಕು ವರ್ಷ ಅವಳು ಅದರಲ್ಲಿ ನಮ್ಮ ಫಿಲ್ಟರಿನ ನೀರು ಕುಡಿದಳು, ಚಹಾ ಕುಡಿದಳು. ಕಾಲರಾ ಬಂದ ವಾರ ಸಮಿತಿಯವರು ಲಿಫ್ಟಿನಲ್ಲಿ ಕಾಗದ ಅಂಟಿಸಿದರು: ಕೆಲಸದವರು ಮನೆಗಳ ಒಳಗೆ ನೀರು ಕುಡಿಯಬಾರದು, ಪಾತ್ರೆ ಮುಟ್ಟಬಾರದು, ಅವರಿಗೆ ಗೇಟಿನಲ್ಲಿ ವ್ಯವಸ್ಥೆ ಇದೆ. ನಾನು, ಹೇಳಿದ ಮಾತು ಕೇಳುವ ಹೆಂಗಸು. ಮಗ್ಗನ್ನು ತೊಳೆದು, ಇಡ್ಲಿ ಪಾತ್ರೆಯ ಹಿಂದೆ ಮೇಲಿನ ಅಟ್ಟಕ್ಕೆ ಬೋರಲು ಹಾಕಿದೆ. ಮಗ್ ಇರುತ್ತಿದ್ದ ಜಾಗವನ್ನು ಅವಳು ಒಂದು ಸಲ ನೋಡಿದಳು. ನಾನು ಕಾಗದದ ವಿಷಯ ಹೇಳಿದೆ. "ಸವಾ, ಮಾಮಾ," ಎಂದಳು, ಸರಿ ಅಮ್ಮಾ ಅಂತ. ಸೋಪಿನ ಪುಡಿ ಎಲ್ಲಿದೆ ಎಂದು ಕೇಳಿ ಬಚ್ಚಲಿಗೆ ಹೋದಳು.

ಗೇಟಿನ ನೀರು ಮೊದಲ ದಿನದಿಂದಲೂ ಗುಲಾಬಿಯಾಗಲಿಲ್ಲ. ಮೂರನೆಯ ದಿನ ಕಾರ್ಯದರ್ಶಿಗೆ ಹೇಳಿದೆ. "ಬೌಸರ್‌ನವನಿಗೆ ಒಂದ್ಮಾತು ಹೇಳ್ತೀನಿ ಬಿಡಿ ಅಕ್ಕಾ," ಎಂದರು. ಆರನೆಯ ದಿನ ಮತ್ತೆ ಹೇಳಿದೆ. ಫೋನಿನಿಂದ ತಲೆ ಎತ್ತದೆ ನಕ್ಕರು. "ಅವ್ರು ಹುಟ್ಟಿ ಬೆಳೆದಿದ್ದೇ ಈ ನೀರಲ್ಲಿ ಅಕ್ಕಾ. ನಮಗಿಂತ ಗಟ್ಟಿ ಅವ್ರ ಹೊಟ್ಟೆ." ನಾನೂ ಅಷ್ಟಕ್ಕೇ ಬಿಟ್ಟೆ. ರಫ್ ಪುಸ್ತಕದಲ್ಲಿ ಮಾತ್ರ ದಿನಾ ಬರೆದೆ: ಬಣ್ಣ ಬರಲಿಲ್ಲ, ಬಣ್ಣ ಬರಲಿಲ್ಲ. ಬರೆದರೆ ಕೆಲಸ ಮುಗಿಯಿತು ಎನ್ನುವ ಭ್ರಮೆ ನಮ್ಮಂಥವರಿಗೆ ಬೇಗ ಬರುತ್ತದೆ.

ಇಲಾಖೆಯವರು ಬರುವ ಹಿಂದಿನ ದಿನ ಮಧ್ಯಾಹ್ನ ಕಾರ್ಯದರ್ಶಿ ಬಾಗಿಲಿಗೇ ಬಂದಿದ್ದರು. "ನಾಳೆ ಇವಾಲ್ಯುಯೇಶನ್ ಅಕ್ಕಾ. ನೀಟಾಗಿ ಒಂದು ಫೇರ್ ಕಾಪಿ ಮಾಡ್ಬಿಡಿ. ಈ ಗೇಟಿನ ಕಾಲಂ ಯಾಕೆ? ಫಾರ್ಮಲ್ಲಿ ಕೇಳೇ ಇಲ್ವಲ್ಲ ಅದನ್ನ."

ಕೇಳಿರಲಿಲ್ಲ, ನಿಜ. ಅಳಿಸು ಎಂದಾಗಲೀ ಸುಳ್ಳು ಬರೆ ಎಂದಾಗಲೀ ಅವರು ಹೇಳಲಿಲ್ಲ. ನಾನು ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ನೀಲಿ ಪೆನ್ನು ಹಿಡಿದು, ಒಂದೂ ಚಿತ್ತಿಲ್ಲದಂತೆ ಮೂರು ಕಾಲಂ ಬರೆದೆ. ಪ್ರತಿ ಚೌಕದಲ್ಲೂ ಒಂದು ಸರಿ ಗುರುತು, ಎಲ್ಲ ಒಂದೇ ಎತ್ತರ. ಪುಟದ ಕೆಳಗೆ, ಕೆಲಸದವರಿಗೆ ಪ್ರತ್ಯೇಕ ನಲ್ಲಿ ಎಂಬ ಪ್ರಶ್ನೆಗೂ ಒಂದು ಸರಿ ಗುರುತು. ನಲ್ಲಿ ಪ್ರತ್ಯೇಕವಾಗಿಯೇ ಇತ್ತಲ್ಲ. ಶಾಲೆಯಿಂದ ಬಂದ ಮಗಳು ಭುಜದ ಮೇಲಿಂದ ಬಗ್ಗಿ ನೋಡಿ, "ವಾವ್ ಅಮ್ಮಾ, ಲುಕ್ಸ್ ಪ್ರಿಂಟೆಡ್," ಅಂದಳು.

ಮರುದಿನ ಮಂಗಳವಾರ, ಮೊದಲು ಹೇಳಿದ ಆ ಬೆಳಿಗ್ಗೆ. ಗೇಟಿನ ನೀರು ಒಂಬತ್ತನೆಯ ದಿನವೂ ಬಣ್ಣ ತಿರುಗಲಿಲ್ಲ. ಮೇಲೆ ಬಂದು, ಹಾಲಿಳಿಸಿ, ಡಬ್ಬಿಗೆ ಚಪಾತಿ ಹಾಕಿ ಇಬ್ಬರನ್ನೂ ಕಳಿಸಿದೆ. ಎಂಟಕ್ಕೆ ಬರಬೇಕಾದ ಮಾಮಾ ಫುವಾ ಬರಲಿಲ್ಲ. ನಾಲ್ಕು ವರ್ಷದಲ್ಲಿ ಅವಳು ತಡ ಮಾಡಿದ್ದನ್ನು ಬೆರಳಲ್ಲಿ ಎಣಿಸಬಹುದು. ಒಂಬತ್ತಕ್ಕೆ ಅವಳ ಫೋನಿನಿಂದ ಅವಳ ಅಕ್ಕ ಕರೆ ಮಾಡಿದಳು. ಹಿಂದಿನ ದಿನ ಬೆಳಿಗ್ಗೆಯಿಂದ ವಾಂತಿ ಭೇದಿ, ಆಸ್ಪತ್ರೆಯ ಅಂಗಳದ ಟೆಂಟಿನಲ್ಲಿ ಮಲಗಿಸಿ ಡ್ರಿಪ್ ಹಾಕಿದ್ದಾರೆ, ಕಾಲರಾ ಅಂತ ಹೇಳಿದ್ದಾರೆ, ಕಣ್ಣು ಬಿಡುತ್ತಾಳೆ, ಮಾತಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ, "ಪೋಲೆ, ಮಾಮಾ," ಎಂದಳು. ಕ್ಷಮಿಸಿ, ಇವತ್ತು ನಿಮ್ಮ ಬಟ್ಟೆಗೆ ಬರಲಾಗಲಿಲ್ಲ, ಅಂತ.

ಅವಳ ಓಣಿಯ ನೀರೋ, ನಮ್ಮ ಗೇಟಿನ ನೀರೋ, ಯಾವುದು ತಂದಿತೆಂದು ಯಾರೂ ಸಾಧಿಸಲಾರರು. ನಾನೂ ಸಾಧಿಸಲಾರೆ. ಆದರೆ ಶುಕ್ರವಾರ ಅವಳು ಬಕೆಟ್ ಬಿಟ್ಟು ಮೂರು ಮಹಡಿ ಇಳಿದು ಹೋಗಿ ನೀರು ಕುಡಿದು, ಕತ್ತನ್ನು ಸೊಂಟಕ್ಕೆ ಸುತ್ತಿದ ಲೆಸ್ಸೋ ಬಟ್ಟೆಯ ತುದಿಯಲ್ಲಿ ಒರೆಸಿಕೊಳ್ಳುತ್ತ ವಾಪಸ್ ಬಂದದ್ದನ್ನು ನಾನು ಬಾಲ್ಕನಿಯಿಂದ ನೋಡಿದ್ದೆ.

ಹನ್ನೊಂದಕ್ಕೆ ಆರೋಗ್ಯಾಧಿಕಾರಿ ಬಂದರು. ನನ್ನದೇ ವಯಸ್ಸಿನ ಹೆಂಗಸು, ಶೂ ತುಂಬ ಧೂಳು; ಪಕ್ಕದ ಬಡಾವಣೆಯಿಂದ ನಡೆದೇ ಬಂದಿದ್ದರು. ಕಾರ್ಯದರ್ಶಿಯವರ ಮನೆಯಲ್ಲಿ ಕೂರಿಸಿ, ನಾನು ಮಾಡಿ ಒಯ್ದ ಉಪ್ಪಿಟ್ಟು, ಚಹಾ ಕೊಟ್ಟೆವು. ಅವರು ಫೇರ್ ಪುಸ್ತಕದ ಒಂದೊಂದು ಪುಟವನ್ನೂ ತಿರುವಿದರು. ಇಷ್ಟು ಚೆನ್ನಾಗಿ ಯಾರೂ ಇಟ್ಟಿಲ್ಲ ಎಂದರು. ಆಮೇಲೆ ಪೆನ್ನನ್ನು ಹಾಗೇ ಹಿಡಿದು, ಕೆಲಸದವರ ನಲ್ಲಿಯನ್ನೂ ಪರೀಕ್ಷೆ ಮಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೇಳಿದ್ದು ನನ್ನನ್ನು. ಅಕ್ಷರ ನನ್ನದು ಎಂದು ಕಾರ್ಯದರ್ಶಿ ಆಗಷ್ಟೇ ಹೇಳಿದ್ದರಲ್ಲ.

ಮಾಡುತ್ತೇನೆ ಎಂದೆ. ಅದು ನಿಜ. ಅವರು ಮುಂದಿನ ಮಾತಿಗೆ ಕಾದರು. ರಫ್ ಪುಸ್ತಕ ನನ್ನ ಮಡಿಲಲ್ಲೇ ಇತ್ತು, ಬೆರಳು ಆ ಪುಟದ ನಡುವೆಯೇ ಇತ್ತು. ಕಾರ್ಯದರ್ಶಿ ಅವರತ್ತ ನಗುತ್ತಲೇ ಕನ್ನಡದಲ್ಲಿ ಅಂದರು: "ಅಕ್ಕಾ, ಚಹಾ ಆರಿ ಹೋಗ್ತಿದೆ, ಅವರಿಗೆ ಇನ್ನೊಂಚೂರು ಹಾಕಿ."

ನಾನು ಎದ್ದು ಚಹಾ ಬಗ್ಗಿಸಿದೆ. ಒಂದು ತೊಟ್ಟೂ ಸಾಸರಿಗೆ ಚೆಲ್ಲಲಿಲ್ಲ. ಸಿಸ್ಟರ್ ಕಲಿಸಿದ್ದು ಅದನ್ನೂ.

ಗೇಟಿನವರೆಗೆ ಬಿಡಲು ಹೋದಾಗ ಕೊನೆಗೆ ಬಾಯಿ ಬಂತು, ಅದೂ ಅರ್ಧ. ಇಲ್ಲಿ ಕೆಲಸ ಮಾಡುವ ಹೊರಗಿನವರು ಯಾರಾದರೂ ಕಾಯಿಲೆ ಬಿದ್ದರೆ ಎಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಅವರು ನನ್ನ ತೋಳು ಮುಟ್ಟಿದರು. ಅಂಥವರನ್ನು ಅವರವರು ವಾಸ ಇರುವಲ್ಲಿ ಬರೆಯುತ್ತೇವೆ, ನಿಮ್ಮ ಹಾಳೆಗೆ ಬರುವುದಿಲ್ಲ, ಚಿಂತೆ ಮಾಡಬೇಡಿ ಎಂದರು. ನಮ್ಮ ಅಂಕ ಕಡಿಮೆಯಾದೀತೆಂದು ನಾನು ಹೆದರಿದ್ದೇನೆ ಎಂದು ತಿಳಿದಿದ್ದರು. ತಿದ್ದಲು ಅದೊಂದು ಗಳಿಗೆ ಸಿಕ್ಕಿತ್ತು. ಅಸಾಂಟೆ ಎಂದು ಅವರ ಭಾಷೆಯಲ್ಲೇ ಧನ್ಯವಾದ ಹೇಳಿ ಕಳಿಸಿಕೊಟ್ಟೆ. ಫೇರ್ ಪುಸ್ತಕ ಅವರ ಚೀಲದಲ್ಲಿ ಹೋಯಿತು. ರಫ್ ಈಗಲೂ ನನ್ನ ಬಳಿಯೇ ಇದೆ.

ತಿರುಗಿದರೆ ಕಾವಲಿನವನು ಅದೇ ನಲ್ಲಿಗೆ ಬಾಟಲಿ ಹಿಡಿದಿದ್ದ. ಅದನ್ನು ಕುಡಿಯಬೇಡ, ಚೆನ್ನಾಗಿಲ್ಲ ಎಂದೆ. ಅವನು ನಲ್ಲಿ ನಿಲ್ಲಿಸಿ, ತುಂಬಾ ಮರ್ಯಾದೆಯಿಂದ, "ಹಾಗಾದರೆ ಯಾವುದನ್ನು, ಮಾಮಾ?" ಎಂದ. ಮೇಲೆ ಹೋಗಿ ಹತ್ತು ಲೀಟರಿನ ಕ್ಯಾನಿಗೆ ಫಿಲ್ಟರ್ ನೀರು ತುಂಬಿ ತಂದು ಅವನ ಗೂಡಿನಲ್ಲಿಟ್ಟೆ. ಅಟ್ಟದ ಮೇಲಿನ ನೀಲಿ ಮಗ್ಗನ್ನೂ ಇಳಿಸಿ ಅದರ ಮೇಲೆ ಕವುಚಿದೆ. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ. ಮೂರು ಮಹಡಿ, ಎರಡು ಸಲ, ಅಷ್ಟೇ.

ಮಧ್ಯಾಹ್ನ ಅವಳ ಅಕ್ಕನಿಗೆ ಮೂರು ಸಲ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಸುಮ್ಮನೆ ಕೂರಲಾಗದೆ ಬಟ್ಟೆಗಳನ್ನು ನಾನೇ ಒಗೆದೆ. ಅವಳಷ್ಟು ಹಿಂಡಲು ನನ್ನ ಮಣಿಕಟ್ಟಿಗೆ ಶಕ್ತಿಯಿಲ್ಲ. ಬೆಡ್‌ಶೀಟುಗಳಿಂದ ಸಂಜೆಯವರೆಗೂ ನೀರು ತೊಟ್ಟಿಕ್ಕುತ್ತಲೇ ಇತ್ತು.

ಆರು ಗಂಟೆಗೆ ಪಕ್ಕದ ಮನೆಯಾಕೆ ತಮ್ಮ ಬಾಲ್ಕನಿಗೆ ಬಂದರು. ಬೆಂಗಳೂರಿನವರು, ಕೆಟ್ಟವರಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು. ತುಳಸಿಯ ಕುಂಡಕ್ಕೆ ಚೊಂಬಿನಿಂದ ನೀರು ಹಾಕುತ್ತ ಅಂದರು: "ಗ್ರೂಪಲ್ಲಿ ನೋಡಿದ್ರಾ? ನಮ್ಮ ಕಾಂಪೌಂಡಿಗೆ ಫುಲ್ ಮಾರ್ಕ್ಸ್ ಅಂತೆ. ಒಂದೂ ಕೇಸ್ ಇಲ್ಲ ಅಂತ ಹೊಗಳಿ ಹೋದ್ರಂತೆ. ಎಲ್ಲಾ ನಿಮ್ಮ ಪುಣ್ಯ ಬಿಡಿ."

ಆಮೇಲೆ ನನ್ನ ಹಗ್ಗದ ಕಡೆ ಕಣ್ಣು ಹಾಯಿಸಿದರು.

"ಇದೇನ್ರೀ, ಬಟ್ಟೆ ಇನ್ನೂ ತೊಪ್ಪೆ ಆಗಿದೆ. ನಿಮ್ಮ ಮಾಮಾ ಫುವಾ ಇವತ್ತು ಕೈ ಕೊಟ್ಳಾ?"